ಹಾಲಿಲ್ಲದ ಕಾಫಿಯ ಚರಿತ್ರೆ

ನಮ್ಮ ಮನೆಯಲ್ಲಿ ಕಾಫಿಗೆ ಹಾಲು ಹಾಕುತ್ತಿರಲಿಲ್ಲ. ಹಸು ಇರಲಿಲ್ಲ ಅಂತಲ್ಲ. ಇತ್ತು, ಒಂದು. ಬೆಳಗಿನ ಹಾಲು ಡೇರಿಗೆ, ಸಂಜೆಯ ಹಾಲೂ ಡೇರಿಗೆ. ಬಟವಾಡೆ ಆದ ದಿನ ಎಣ್ಣೆ, ಬೇಳೆ, ನನ್ನ ನೋಟ್‌ಬುಕ್ಕು. ಹಸು ನಮ್ಮದು, ಹಾಲು ನಮ್ಮದಲ್ಲ. ಅವ್ವ ಒಲೆ ಮೇಲೆ ನೀರಿಟ್ಟು ಒಂದು ಚೂರು ಬೆಲ್ಲ ಹಾಕೋಳು. ಬೆಲ್ಲ ಕರಗಿ ಕುದಿ ಬಂದಾಗ ಒಂದು ಚಮಚ ಕಾಫಿಪುಡಿ ಉದುರಿಸಿ, ತಟ್ಟೆ ಮುಚ್ಚಿ ಕೆಳಗಿಳಿಸೋಳು. ಗಸಿ ತಳಕ್ಕೆ ಕೂತ ಮೇಲೆ ಹಳೇ ಪಂಚೆಯ ತುಂಡಲ್ಲಿ ಸೋಸಿ ಲೋಟಕ್ಕೆ ಬಗ್ಗಿಸೋಳು. ನಮ್ಮ ಮನೆಯಲ್ಲಿ ಅದರ ಹೆಸರು ‘ಕಾಪಿ ನೀರು’.

ಯಾರಾದರೂ ಮೇಷ್ಟ್ರು ಮನೆ ಬಾಗಿಲಿಗೆ ಬಂದರೆ ಅವ್ವ ಆ ಲೋಟವನ್ನು ಕೊಡುವಾಗ ತಲೆ ತಗ್ಗಿಸುತ್ತಿದ್ದಳು. “ಹಾಲಿಲ್ಲ ಕನ ಸಾಮಿ, ಕರೀ ಕಾಪಿ” ಅನ್ನುತ್ತಿದ್ದಳು. ಅವಳ ದನಿಯಲ್ಲಿ ತಪ್ಪು ಮಾಡಿದವರ ಅಳುಕಿರುತ್ತಿತ್ತು. ಅವಳು ಮಾಡಿದ ತಪ್ಪೇನು? ಗೆಳೆಯರೆ, ಈ ಲೇಖನವನ್ನು ಬರೆಯುತ್ತಿರುವುದು ಆ ನಾಚಿಕೆ ಎಲ್ಲಿಂದ ಬಂತು ಎಂದು ಹುಡುಕುವುದಕ್ಕೆ.

ನಮ್ಮದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ. ಹೊರಗಿನವರಿಗೆ ಈ ಊರು ಗೊತ್ತಿರುವುದು ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ ಅವರಂಥ ಸಂಗೀತ ವಿದ್ವಾಂಸರ ಹೆಸರಿನಿಂದ. ಊರಿಗೆ ಹತ್ತಿರದಲ್ಲೇ ಕಾವೇರಿ ಧುಮುಕುವ ಶಿವನಸಮುದ್ರ. 1902ರಲ್ಲಿ ಅಲ್ಲಿ ವಿದ್ಯುತ್ ಹುಟ್ಟಿತು. ಆ ವಿದ್ಯುತ್ ಮೊದಲು ಹೋದದ್ದು ಸುತ್ತಲ ಹಳ್ಳಿಗಳಿಗಲ್ಲ. ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಯ ಯಂತ್ರಗಳಿಗೆ. ಬೆಳಕು ಹುಟ್ಟಿದ್ದು ನಮ್ಮ ಪಕ್ಕದಲ್ಲಿ, ಉರಿದದ್ದು ಇನ್ನೆಲ್ಲೋ. ನಮ್ಮ ಹಾಲಿನ ಕತೆ ಹಾಗೆ. ಕಾಫಿಯ ಕತೆಯೂ ಹಾಗೆಯೇ.

ನಾನು ಡಿಗ್ರಿ ಓದಲು ಹೋದಾಗ ಹಾಸ್ಟೆಲಿನ ಲೈಬ್ರರಿಯಲ್ಲಿ ವಿಯೆಟ್ನಾಂ ಬಗ್ಗೆ ಓದುತ್ತಾ ಒಂದು ವಿಷಯ ಸಿಕ್ಕಿತು. ಆ ದೇಶದ ಹನೋಯ್ ನಗರದಲ್ಲಿ ಕಾಫಿಗೆ ಕೋಳಿಮೊಟ್ಟೆ ಹಾಕುತ್ತಾರೆ. ಅವರ ಭಾಷೆಯಲ್ಲಿ ಅದು ‘ಕಾ ಫೆ ಚುಂಗ್’. ಚುಂಗ್ ಎಂದರೆ ಮೊಟ್ಟೆ. ಮೊದಲು ನಗು ಬಂತು. ಅದು ಹುಟ್ಟಿದ ಕಾರಣ ಓದಿದಾಗ ನಗು ನಿಂತಿತು. ಅದು ಹುಟ್ಟಿದ್ದು ಹಾಲಿಲ್ಲದ್ದರಿಂದ.

ಆ ಕಾರಣ ಸ್ವಲ್ಪ ವಿವರವಾಗಿ ನೋಡಬೇಕು. ವಿಯೆಟ್ನಾಮಿಗೆ ಕಾಫಿ ಗಿಡ ತಂದವರು ಫ್ರೆಂಚ್ ಪಾದ್ರಿಗಳು, 1857ರ ಹೊತ್ತಿನಲ್ಲಿ. ಅವರ ಹಿಂದೆ ಫ್ರೆಂಚ್ ಸೈನ್ಯ ಬಂತು, ಸೈನ್ಯದ ಹಿಂದೆ ತೋಟದ ಮಾಲೀಕರು ಬಂದರು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರೂ ಬಂದು ಕೂತರು. ರೈತರ ಭತ್ತವನ್ನು ಸೈನ್ಯಕ್ಕೆಂದು ಕಿತ್ತುಕೊಂಡರು, ಭತ್ತ ಬೆಳೆಯುವ ನೆಲದಲ್ಲಿ ಸೆಣಬು ಬೆಳೆಸಿದರು. 1945ರಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಘೋರ ಬರ ಬಿತ್ತು. ಸತ್ತವರ ಲೆಕ್ಕವನ್ನು 4 ಲಕ್ಷದಿಂದ 20 ಲಕ್ಷದವರೆಗೆ ಹೇಳುತ್ತಾರೆ. ಬಡವರ ಹೆಣಗಳನ್ನು ಯಾವ ಸರ್ಕಾರ ಸರಿಯಾಗಿ ಎಣಿಸಿದೆ? ಎರಡು ವರ್ಷ ಮೊದಲು, 1943ರಲ್ಲಿ, ಇದೇ ಯುದ್ಧ ಬಂಗಾಳದಲ್ಲಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದಿತ್ತು. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಹನೋಯ್‌ನಲ್ಲಿ ಸ್ವಾತಂತ್ರ್ಯ ಘೋಷಿಸಿದರು. ಫ್ರೆಂಚರು ಬಿಟ್ಟುಕೊಡಲಿಲ್ಲ. ಮತ್ತೆ ಯುದ್ಧ.

ಆ ಕಾಲದಲ್ಲಿ ಹನೋಯ್‌ನ ಮೆಟ್ರೊಪೋಲ್ ಎಂಬ ದೊಡ್ಡ ಹೋಟೆಲಿನಲ್ಲಿ ನುಯೆನ್ ವಾನ್ ಜಾಂಗ್ ಎಂಬ ಕೆಲಸಗಾರನಿದ್ದ. ಆ ಹೋಟೆಲು ಫ್ರೆಂಚ್ ಸಾಹೇಬರದು. ಕಾಫಿಗೆ ಹಾಲು ಬೇಕು, ಊರಲ್ಲಿ ಹಾಲಿಲ್ಲ. 1946ರಲ್ಲಿ ಈ ಜಾಂಗ್ ಮೊಟ್ಟೆಯ ಹಳದಿ ಭಂಡಾರವನ್ನು ಸಕ್ಕರೆಯ ಜೊತೆ ಕಡೆದು ಹಾಲಿನ ಕೆನೆಯ ಬದಲಿಗೆ ಕಾಫಿಯ ಮೇಲೆ ಹಾಕಿದ. ಆಮೇಲೆ ಆ ದೊಡ್ಡ ಹೋಟೆಲು ಬಿಟ್ಟು ತನ್ನದೇ ಪುಟ್ಟ ಅಂಗಡಿ ಇಟ್ಟ. ಅವನ ಮಕ್ಕಳ ಕಾಲದಲ್ಲಿ ಆ ಅಂಗಡಿಯ ಹೆಸರು ಲೋಕಕ್ಕೆಲ್ಲ ಹಬ್ಬಿತು. ಸಾಹೇಬರ ಅಡುಗೆಮನೆಯಲ್ಲಿ ದುಡಿದವನ ಒಂದು ಉಪಾಯ ಒಂದು ನಗರದ ಹೆಮ್ಮೆಯಾಯಿತು.

ಇದನ್ನು ಓದಿದ ಮೇಲೆ ಒಂದು ಸಲ ರಜೆಗೆ ಊರಿಗೆ ಬಂದಾಗ ಮನೆಯಲ್ಲಿ ಮಾಡಿ ನೋಡಿದೆ. ಹೇಗೆ ಅಂತ ಹೇಳುತ್ತೇನೆ, ಬೇಕಾದವರು ಮಾಡಿ ನೋಡಿ. ಹೊಸ ಮೊಟ್ಟೆಯೇ ಬೇಕು. ಯಾಕೆಂದರೆ ಇದರಲ್ಲಿ ಮೊಟ್ಟೆ ಪೂರಾ ಬೇಯುವುದಿಲ್ಲ. ನಮ್ಮ ಹಿತ್ತಿಲ ನಾಟಿಕೋಳಿಯದು ಎರಡು ಮೊಟ್ಟೆ ತಗೊಂಡೆ. ಬಿಳಿಯ ಲೋಳೆ ಬೇರೆ ಮಾಡಿ ಭಂಡಾರವನ್ನಷ್ಟೇ ಬಟ್ಟಲಿಗೆ ಹಾಕಿದೆ. ಹನೋಯ್‌ನವರು ಸಕ್ಕರೆ ಹಾಕುತ್ತಾರೆ, ಡಬ್ಬದ ಗಟ್ಟಿಹಾಲನ್ನೂ ಸೇರಿಸುತ್ತಾರೆ. ನಾನು ಎರಡು ಚಮಚ ಬೆಲ್ಲದ ಪುಡಿ ಹಾಕಿದೆ. ಕೈಯಲ್ಲಿ ಹತ್ತು ಹದಿನೈದು ನಿಮಿಷ ಬಿಡದೆ ಕಡೆಯಬೇಕು. ಭಂಡಾರದ ಬಣ್ಣ ತಿಳಿಯಾಗಿ, ಉಬ್ಬಿ, ಚಮಚದಿಂದ ಎತ್ತಿದರೆ ಎಳೆಯಾಗಿ ಇಳಿಯಬೇಕು. ಭಂಡಾರದಲ್ಲಿ ಲೆಸಿಥಿನ್ ಎಂಬ ವಸ್ತು ಇದೆ. ಅದು ಜಿಡ್ಡನ್ನೂ ನೀರನ್ನೂ ಒಂದಕ್ಕೊಂದು ಹಿಡಿದು ನಿಲ್ಲಿಸುತ್ತದೆ, ಕಡೆಯುವಾಗ ಸೇರಿದ ಗಾಳಿ ನೊರೆಯಾಗಿ ನಿಲ್ಲುತ್ತದೆ. ಲೋಟದ ಅರ್ಧಕ್ಕೆ ಸುಡುಸುಡುವ ಗಟ್ಟಿ ಡಿಕಾಕ್ಷನ್ ಬಗ್ಗಿಸಿ ಮೇಲೆ ಈ ನೊರೆ ಹಾಕಬೇಕು. ಆರಿದರೆ ಮೊಟ್ಟೆಯ ನೀಸು ವಾಸನೆ ಬರುತ್ತದೆ. ಅದಕ್ಕೇ ಬಿಸಿನೀರಿನ ಬಟ್ಟಲಲ್ಲಿ ಲೋಟ ಇಟ್ಟು ಕುಡಿಯುತ್ತಾರೆ.

ಅವ್ವ ಬಾಗಿಲಿಗೆ ಒರಗಿ ನೋಡುತ್ತಾ ನಿಂತಿದ್ದಳು. “ಏನ್ಲಾ ಮಗ, ಎರಡು ಮೊಟ್ಟೆ ಹಾಳ್ ಮಾಡ್ಬುಟ್ಟಲ್ಲ” ಅಂದಳು. ಒಂದು ಗುಟುಕು ಕುಡಿದು, “ಪಾಯಸ ಇದ್ದಂಗದೆ” ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಅವ್ರೂ ಹಾಲಿಲ್ದೋರಾ?”

ಹೌದು ಅಂದೆ. ಆದರೆ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವರಿಗೂ ಹಾಲಿರಲಿಲ್ಲ, ನಮಗೂ ಇರಲಿಲ್ಲ. ಅವರದು ಹೆಮ್ಮೆಯಾಯಿತು, ನಮ್ಮದು ನಾಚಿಕೆಯಾಗಿ ಉಳಿಯಿತು. ಯಾಕೆ? ಅವರ ನೊರೆ ರುಚಿ, ನಮ್ಮ ಬೆಲ್ಲ ರುಚಿಯಿಲ್ಲ ಅಂತಲೆ? ಮಂಡ್ಯ ಸೀಮೆಯ ಆಲೆಮನೆ ಬೆಲ್ಲ ತಿಂದವರು ಯಾರೂ ಹಾಗೆ ಹೇಳಲಾರರು. ಉತ್ತರ ರುಚಿಯಲ್ಲಿಲ್ಲ. ಕಾಫಿ ನಮ್ಮ ಬಳಿಗೆ ಬಂದ ದಾರಿಯಲ್ಲಿದೆ.

ಪಠ್ಯಪುಸ್ತಕದ ಕಾಫಿ ಚರಿತ್ರೆ ಬಾಬಾಬುಡನ್‌ರಿಂದ ಶುರುವಾಗುತ್ತದೆ. ಹದಿನೇಳನೇ ಶತಮಾನದಲ್ಲಿ ಈ ಸೂಫಿ ಸಂತ ಯೆಮನ್ ದೇಶದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬುದು ಜನ ನಂಬಿದ ಕತೆ. ಒಬ್ಬ ಫಕೀರನ ಜೋಳಿಗೆಯಿಂದ ಬಂದ ಬೀಜ ಅದು. ಅಲ್ಲಿಂದ ಪುಸ್ತಕ ನೇರವಾಗಿ ಬಿಳಿಯ ದೊರೆಗಳಿಗೆ ಹಾರುತ್ತದೆ: ಇಂಥ ದೊರೆ ಇಂಥ ವರ್ಷ ಇಂಥ ಕಡೆ ತೋಟ ಮಾಡಿದ, ಅಂತ. ದೊರೆ ಗುದ್ದಲಿ ಹಿಡಿದನೆ? ಕಾಡು ಕಡಿದವರು ಯಾರು? ಗುಂಡಿ ತೋಡಿದವರು, ಮಳೆಗಾಲದಲ್ಲಿ ಇಂಬಳ ಕಚ್ಚಿಸಿಕೊಂಡು ಕಳೆ ತೆಗೆದವರು, ಹಣ್ಣು ಬಿಡಿಸಿದವರು ಯಾರು?

1834ರಲ್ಲಿ ಕೊಡಗು ಬ್ರಿಟಿಷರ ಕೈ ಸೇರಿದಾಗ ಅಲ್ಲಿ ಹೊಲೆಯರೂ ಯರವರೂ ಜೀತದಾಳುಗಳಾಗಿದ್ದರು. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದಿತು. ಆದರೆ ಹೊಟ್ಟೆಗೆ ಬೇರೆ ದಾರಿ ತೋರಿಸಲಿಲ್ಲ. 1850ರ ದಶಕದಿಂದ ಕೊಡಗಿನಲ್ಲಿ ಕಾಫಿ ತೋಟಗಳು ಎದ್ದವು. ತೋಟಗಳಿಗೆ ಆಳು ಬೇಕು. ಮೈಸೂರು ಬಯಲುಸೀಮೆಯ ಹಳ್ಳಿಗಳಿಗೆ ಮೇಸ್ತ್ರಿಗಳು ಬಂದರು. ಬರಗಾಲದಲ್ಲಿ, ಮದುವೆಯ ಸಾಲದಲ್ಲಿ ಸಿಕ್ಕ ಮನೆ ನೋಡಿ ಮುಂಗಡ ಕೊಟ್ಟರು. ಮುಂಗಡ ತಿಂದವನು ಕೆಲಸ ಬಿಟ್ಟು ಓಡಿದರೆ? ಅದಕ್ಕೂ ಕಾನೂನು ಇತ್ತು. 1859ರ ಕರಾರು ಉಲ್ಲಂಘನೆ ಕಾಯ್ದೆಯಲ್ಲಿ ಮುಂಗಡ ಪಡೆದು ದುಡಿಯದ ಕೂಲಿಯನ್ನು ಮೂರು ತಿಂಗಳವರೆಗೆ ಜೈಲಿಗೆ ಹಾಕಬಹುದಿತ್ತು. ಕೂಲಿ ಕೊಡದೆ ಸತಾಯಿಸಿದ ದೊರೆಗೆ ಆ ಕಾಯ್ದೆಯಲ್ಲಿ ಜೈಲಿರಲಿಲ್ಲ. ತೋಟಗಾರರ ಕೈಯಲ್ಲಿ ಅದು ಚಾವಟಿಯಾಯಿತು. ಅದನ್ನು ರದ್ದು ಮಾಡುವ ಕಾನೂನು ಬಂದದ್ದು 1925ರಲ್ಲಿ. ಅರವತ್ತಾರು ವರ್ಷ! ಕಾಫಿಯ ಘಮದ ಬಗ್ಗೆ ಬರೆಯುವವರು ಈ ವರ್ಷಗಳನ್ನು ಬರೆಯುವುದಿಲ್ಲ.

ಇಷ್ಟಾದರೂ ಆ ಕಾಫಿಯನ್ನು ಬೆಳೆದವರು ಕುಡಿಯಲಿಲ್ಲ. ಮೂಟೆಗಳು ಹಡಗು ಹತ್ತಿ ಯುರೋಪಿಗೆ ಹೋದವು. ನಮ್ಮ ನಾಡಿನ ಪೇಟೆಗಳಲ್ಲಿ ಕಾಫಿಯನ್ನು ಮೊದಲು ರೂಢಿ ಮಾಡಿಕೊಂಡವರು ಇಂಗ್ಲಿಷ್ ಕಲಿತ, ಸರ್ಕಾರಿ ನೌಕರಿ ಹಿಡಿದ ಮೇಲುಜಾತಿಯ ಮನೆಗಳವರು. ಹಸುವಿನ ಗಟ್ಟಿ ಹಾಲು, ಫಿಲ್ಟರಿನ ಡಿಕಾಕ್ಷನ್, ಹಿತ್ತಾಳೆ ಲೋಟ ಬಟ್ಟಲು. ಒಳ್ಳೆಯ ಕಾಫಿ ಅಂದರೆ ಹೀಗಿರಬೇಕು ಅನ್ನುವ ಅಳತೆಗೋಲನ್ನು ಮಾಡಿದವರು ಅವರು. ಆ ಅಳತೆಗೋಲಿನಿಂದ ಅಳೆದಾಗಲೇ ನನ್ನ ಅವ್ವನ ಕಾಪಿ ನೀರು ‘ಕಮ್ಮಿ’ಯಾದದ್ದು.

ಹಾಗಾದರೆ ನಮ್ಮಂಥವರ ಒಲೆಗೆ ಕಾಫಿ ಹೇಗೆ ಬಂತು? ಇದು ಸ್ವಾರಸ್ಯದ ಸಂಗತಿ. 1930ರ ದಶಕದಲ್ಲಿ ಜಗತ್ತಿನ ಮಾರುಕಟ್ಟೆ ಕುಸಿಯಿತು. ತೋಟಗಾರರ ಮಾಲು ಕೊಳ್ಳುವವರಿಲ್ಲ. ಆಗ 1935ರಲ್ಲಿ ಕಾಫಿ ಸೆಸ್ ಕಾಯ್ದೆ ಮಾಡಿ, ಈ ದೇಶದವರಿಗೇ ಕಾಫಿ ಕುಡಿಸುವ ಪ್ರಚಾರ ಶುರುಮಾಡಿದರು. ಮೊದಲ ಇಂಡಿಯಾ ಕಾಫಿ ಹೌಸ್ 1936ರಲ್ಲಿ ಮುಂಬಯಿಯಲ್ಲಿ ತೆರೆಯಿತು. ಯುದ್ಧ ಬಂದು ಯುರೋಪಿನ ಬಾಗಿಲು ಮುಚ್ಚಿದಾಗ 1942ರ ಕಾಯ್ದೆಯಿಂದ ಕಾಫಿ ಬೋರ್ಡು ಗಟ್ಟಿಯಾಯಿತು. ಬೆಳೆದ ಕಾಫಿಯನ್ನು ಒಟ್ಟು ಮಾಡಿ ಮಾರುವ ಪದ್ಧತಿ ಬಂತು. ಬಿಳಿಯರು ಕೊಳ್ಳದೆ ಉಳಿದ ಬೀಜಕ್ಕೆ ಬಾಯಿ ಬೇಕಾಗಿತ್ತು. ಆಗ ಈ ದೇಶದ ಬಾಯಿಗಳು ಕಂಡವು. ಹಳ್ಳಿಯ ಅಂಗಡಿಗೆ ಬರುವ ಹೊತ್ತಿಗೆ ಅದರಲ್ಲಿ ಕಾಫಿಗಿಂತ ಚಿಕೋರಿ ಎಷ್ಟಿದೆ ಎಂಬುದೇ ಪ್ರಶ್ನೆ. ಚಿಕೋರಿ ಎಂದರೆ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ನಮ್ಮ ದೇಶದ ಕಾನೂನು ನೂರಕ್ಕೆ 49 ಭಾಗದವರೆಗೆ ಚಿಕೋರಿ ಬೆರೆಸಬಹುದು ಅನ್ನುತ್ತದೆ. ಬಡವರ ಪೊಟ್ಟಣ ಯಾವಾಗಲೂ ಆ ಗಡಿಯ ಹತ್ತಿರವೇ.

ಪುಡಿ ಬಂತು. ಲೋಟ? ಇಲ್ಲಿ ನನ್ನ ತಾತನ ಮಾತು ಹೇಳಬೇಕು. ತಾತ ಹುಡುಗನಾಗಿದ್ದಾಗ ಮೇಸ್ತ್ರಿಯ ಮುಂಗಡ ತಗೊಂಡು ಎರಡು ಹಂಗಾಮು ಕಾಫಿ ತೋಟಕ್ಕೆ ಹೋಗಿದ್ದವನು. ಹಣ್ಣು ಬಿಡಿಸಿ ಬಿಡಿಸಿ ಬೆರಳ ತುದಿ ಕಪ್ಪಾಗಿ ಊರಿಗೆ ಬಂದ. ಸಂತೆಯ ದಿನ ಒಂದು ಹೋಟಲಿನ ಮುಂದೆ ನಿಂತು ಕಾಸು ಕೊಟ್ಟು ಕಾಫಿ ಕೇಳಿದ. ಯಾವ ಊರ ಹೋಟಲು ಅಂತ ಹೇಳುವುದಿಲ್ಲ; ಆ ಕಾಲಕ್ಕೆ ಎಲ್ಲ ಊರೂ ಒಂದೇ. ಒಳಗಿದ್ದವರಿಗೆ ಹಿತ್ತಾಳೆ ಲೋಟ. ತಾತನಿಗೆ ಹೊರಗಿನ ಗೂಡಿನಲ್ಲಿ ಇಟ್ಟಿದ್ದ ತೆಂಗಿನ ಕರಟ. ಹೋಟಲಿನವನು ಮೇಲಿಂದ ಬಗ್ಗಿಸಿದ. ಕುಡಿದು ತೊಳೆದು ಅದೇ ಗೂಡಿನಲ್ಲಿ ಇಡಬೇಕು. ತಾತ ಹೇಳುತ್ತಿದ್ದ: “ಆ ಬೀಜ ಕಿತ್ತೋನು ನಾನೇ ಕನ್ಲಾ. ನಾನ್ ಮುಟ್ಟಿದ್ ಬೀಜ ಒಳಗ್ ಕುಂತೋರ್ ಹೊಟ್ಟೆಗೋಯ್ತು. ಲೋಟ ಮಾತ್ರ ನಾನ್ ಮುಟ್ಕೂಡದು.”

ಗೆಳೆಯರೆ, ಜಾತಿಯ ತರ್ಕ ಇಷ್ಟು ಬೆತ್ತಲೆಯಾಗಿ ಇನ್ನೆಲ್ಲಿ ಕಾಣುತ್ತದೆ? ಬೀಜ ಮೈಲಿಗೆಯಾಗುವುದಿಲ್ಲ. ಬೆವರು ಮೈಲಿಗೆಯಾಗುವುದಿಲ್ಲ. ಕೊಟ್ಟ ಕಾಸು ಮೈಲಿಗೆಯಾಗುವುದಿಲ್ಲ. ಲೋಟ ಮಾತ್ರ ಆಗುತ್ತದೆ.

ಕಾನೂನು ಬರಲಿಲ್ಲವೆ? ಬಂತು. 1950ರ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಎಲ್ಲರಿಗೂ ಪ್ರವೇಶ ಎಂದು ಸ್ಪಷ್ಟವಾಗಿ ಬರೆಯಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. 1976ರಲ್ಲಿ ಅದೇ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಾಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ. ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದು ಬರೀ ಬಾಯಾರಿಕೆಗಲ್ಲ. ಅದನ್ನು ಅರ್ಥ ಮಾಡಿಕೊಂಡವರಿಗೆ ಕಾಫಿ ಲೋಟವೂ ಚಿಕ್ಕ ವಿಷಯವಲ್ಲ ಎಂದು ಗೊತ್ತು. 1957ರಲ್ಲಿ ಮದರಾಸಿನಲ್ಲಿ ಪೆರಿಯಾರ್ ಅವರ ಜನ ಒಂದು ಹೋಟೆಲಿನ ಬೋರ್ಡಿನಲ್ಲಿದ್ದ ‘ಬ್ರಾಹ್ಮಣ’ ಎಂಬ ಪದ ಅಳಿಸಬೇಕೆಂದು ತಿಂಗಳುಗಟ್ಟಲೆ ಚಳವಳಿ ಮಾಡಿ ಜೈಲಿಗೆ ಹೋದರು. ಅದೇ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಾಫಿ ಹೌಸಿನ ಕೆಲಸಗಾರರು, ಬೋರ್ಡು ತಮ್ಮನ್ನು ಮನೆಗೆ ಕಳಿಸಲು ಹೊರಟಾಗ, ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ತಮ್ಮದೇ ಸಹಕಾರ ಸಂಘ ಕಟ್ಟಿ ಕಾಫಿ ಹೌಸನ್ನು ತಾವೇ ನಡೆಸಿದರು. ಹನೋಯ್‌ನ ಜಾಂಗ್ ಒಬ್ಬನೇ ಮಾಡಿದ ಕೆಲಸವನ್ನು ಇವರು ಒಟ್ಟಾಗಿ ಮಾಡಿದರು. ನಮ್ಮ ಕಾಫಿ ಚರಿತ್ರೆಯಲ್ಲಿ ಹೆಮ್ಮೆಯ ಪುಟಗಳು ಇಲ್ಲದಿಲ್ಲ. ಹುಡುಕಿ ಓದಬೇಕು ಅಷ್ಟೆ.

ಈಗ ಕೆಲವರು ಹೇಳುತ್ತಾರೆ, “ಆ ಕಾಲ ಹೋಯ್ತು ಬಿಡ್ರಿ, ಈಗ ಎಲ್ಲರಿಗೂ ಪೇಪರ್ ಕಪ್ಪು.” ನಿಜ, ಪೇಪರ್ ಕಪ್ಪು ಬಂದಿದೆ. ಕುಡಿದು ಬಿಸಾಕುವ ಕಪ್ಪಿಗೆ ಜಾತಿ ಕೇಳುವ ಅಗತ್ಯವಿಲ್ಲ. ತೊಳೆಯುವವರು ಯಾರು ಎಂಬ ಜಗಳವೂ ಇಲ್ಲ. ಆದರೆ ಲೋಟ ಒಂದಾಗಿದ್ದಕ್ಕೂ ಲೋಟವೇ ಇಲ್ಲದಂತಾಗಿದ್ದಕ್ಕೂ ವ್ಯತ್ಯಾಸ ಇಲ್ಲವೆ? ಒಂದೇ ಸ್ಟೀಲ್ ಲೋಟವನ್ನು ತೊಳೆದು ತೊಳೆದು ಊರಿನವರೂ ಕೇರಿಯವರೂ ಕುಡಿಯುವ ದಿನವೇ ಲೆಕ್ಕದ ದಿನ.

ತೋಟದ ಕತೆಯೂ ಮುಗಿದಿಲ್ಲ. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಮನೆ, ಆಸ್ಪತ್ರೆಗಳ ಮಾತಾಡಿತು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಆದರೂ 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ, ತೋಟಗಳ ಲೈನ್ ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ ಯರವ, ಕುರುಬ ಕುಟುಂಬಗಳ ನೂರಾರು ಗುಡಿಸಲುಗಳನ್ನು ಕೆಡವಲಾಯಿತು. ತಲೆಮಾರುಗಳ ಕಾಲ ಕಾಫಿ ಬೆಳೆದವರಿಗೆ ಗುಡಿಸಲು ಊರುವಷ್ಟು ನೆಲ ಇರಲಿಲ್ಲ. ವಿಯೆಟ್ನಾಂ ನಮಗಿಂತ ಮೇಲು ಅಂತ ಹೇಳಲು ಹೊರಟಿಲ್ಲ. ಅದು ಇಂದು ಜಗತ್ತಿನಲ್ಲಿ ಕಾಫಿ ಬೆಳೆಯುವ ಎರಡನೇ ದೊಡ್ಡ ದೇಶ. ಆ ಕಾಫಿ ಹೆಚ್ಚಾಗಿ ಬೆಳೆಯುವುದು ಮಧ್ಯದ ಬೆಟ್ಟನಾಡಿನಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಎಡೆ, ಜರಾಯ್ ಜನ ತೋಟಗಳಿಗೆ ನೆಲ ಕಳೆದುಕೊಂಡು 2001ರಲ್ಲಿ, 2004ರಲ್ಲಿ ಬೀದಿಗಿಳಿದರು. ಸರ್ಕಾರ ಅವರನ್ನು ಹತ್ತಿಕ್ಕಿತು. ಹನೋಯ್‌ನ ನೊರೆಯ ಕೆಳಗಿರುವ ಕಾಫಿಯೂ ಕಪ್ಪೇ, ನಮ್ಮದೂ ಕಪ್ಪೇ.

ಕೊನೆಗೆ ಮೊಟ್ಟೆಯ ಮಾತು. ಹನೋಯ್‌ನಲ್ಲಿ ಹಾಲಿಲ್ಲದಾಗ ಮೊಟ್ಟೆ ಕೈಹಿಡಿಯಿತು. ಅಲ್ಲಿ ಮೊಟ್ಟೆ ಮುಟ್ಟಿದವನನ್ನು ಯಾರೂ ದೂರ ನಿಲ್ಲಿಸಲಿಲ್ಲ. ನಮ್ಮಲ್ಲಿ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ, ಮಕ್ಕಳ ರಕ್ತಹೀನತೆ ನೋಡಿ ಸರ್ಕಾರ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಸ್ವಾಮಿಗಳು ಎದ್ದು ನಿಂತರು. ಆಗ ಮೊಟ್ಟೆ ಬೇಕೆಂದು ಗಟ್ಟಿಯಾಗಿ ಕೇಳಿದವರಲ್ಲಿ ಶಾಲೆಯ ಮಕ್ಕಳೇ ಇದ್ದರು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಬಂತು. 2025ರ ಜುಲೈಯಲ್ಲಿ ನಮ್ಮದೇ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ, ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ವಿರೋಧ ಎದ್ದು, ಎಷ್ಟೋ ಪೋಷಕರು ಮಕ್ಕಳನ್ನು ಆ ಶಾಲೆಯಿಂದ ಬಿಡಿಸಿಕೊಂಡು ಹೋದರು. ಹಾಲು ಶುದ್ಧ, ಮೊಟ್ಟೆ ಅಶುದ್ಧ. ಹಾಲು ಕುಡಿಯುವವನು ದೊಡ್ಡವನು, ಮೊಟ್ಟೆ ತಿನ್ನುವವನು ಸಣ್ಣವನು. ಹಸು ಸಾಕಿ ಹಾಲು ಮಾರಿ ಕರೀ ಕಾಪಿ ಕುಡಿಯುವ ನನ್ನ ಅವ್ವ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತಾಳೆ?

ಅವಳ ನಾಚಿಕೆಯ ಮೂಲ ಇಲ್ಲಿದೆ. ಅದು ಹಾಲಿಲ್ಲದ ನಾಚಿಕೆಯಲ್ಲ. ಬಡತನ ಹನೋಯ್‌ನಲ್ಲೂ ಇತ್ತು. ಬಡತನದ ಮೇಲೆ ಮೈಲಿಗೆಯನ್ನು ಹೇರಿದ್ದು ನಮ್ಮ ಸಮಾಜ. ಇಲ್ಲದ್ದರಿಂದ ಮಾಡಿಕೊಂಡ ಅಡುಗೆಗೆ ‘ಕೀಳು’ ಎಂದು ಹೆಸರಿಟ್ಟು, ಮಾಡಿದವಳೇ ತಲೆ ತಗ್ಗಿಸುವಂತೆ ಕಲಿಸಿದ್ದು ಈ ಸಮಾಜ. ಬೆಲ್ಲದ ಕಾಫಿಯನ್ನು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ಅವ್ವನಂಥ ಸಾವಿರಾರು ಹೆಂಗಸರು ಸೇರಿ ಕಂಡುಹಿಡಿದದ್ದು ಅದು.

ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಲ್ಲಿ ಒಂದು ಮನವಿ. ಬಾಬಾಬುಡನ್‌ರ ಏಳು ಬೀಜದ ಪಾಠ ಮುಗಿದ ಮೇಲೆ ಮಕ್ಕಳನ್ನು ಕೇಳಿ: ನಿಮ್ಮ ಮನೆಯಲ್ಲಿ ಕಾಫಿ ಹೇಗೆ ಮಾಡುತ್ತಾರೆ? ಹಾಲು ಹಾಕುತ್ತಾರೋ, ಬೆಲ್ಲವೋ ಸಕ್ಕರೆಯೋ? ನಿಮ್ಮ ತಾತ ಹೋಟಲಿನಲ್ಲಿ ಯಾವುದರಲ್ಲಿ ಕುಡಿಯುತ್ತಿದ್ದ? ಮನೆಗೆ ಹೋಗಿ ಕೇಳಿಕೊಂಡು ಬರೆದು ತನ್ನಿ ಅನ್ನಿ. ಬರದೆ ಉಳಿದ ಚರಿತ್ರೆ ಆ ನೋಟ್‌ಬುಕ್ಕುಗಳಲ್ಲಿ ಸಿಗುತ್ತದೆ.

ಹೋದ ತಿಂಗಳು ನನ್ನ ಜೊತೆ ಓದಿದ ಗೆಳೆಯನೊಬ್ಬ ಊರಿಗೆ ಬಂದಿದ್ದ. ಪಕ್ಕದ ತಾಲ್ಲೂಕಿನ ಶಾಲೆಯಲ್ಲಿ ಮೇಷ್ಟ್ರು. ಅವ್ವ ಎಂದಿನಂತೆ ನೀರಿಟ್ಟಳು, ಬೆಲ್ಲ ಹಾಕಿದಳು, ಸೋಸಿದಳು. ಅವನ ಕೈಗೆ ಸ್ಟೀಲ್ ಲೋಟ ಕೊಟ್ಟು, “ಕುಡೀಪ್ಪ, ನಮ್ಮನೆ ಕಾಪಿ” ಅಂದಳು. ಹಾಲಿನ ಮಾತು ಎತ್ತಲಿಲ್ಲ. ಅವನು ಕುಡಿದು, “ಇನ್ನೊಂದ್ ಲೋಟ ಕೊಡವ್ವ” ಅಂದ.